ಎರಡು ದಿನ, ಎರಡು ಕ್ಯಾಂಪಸ್, ಮತ್ತು ದೂರದ ಲೆಕ್ಕ

1/8
ಫೈನಲ್ ಇಯರ್ ಬಿಕಾಂ ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎಂಕಾಂ ಎಲ್ಲಿ ಮಾಡ್ತೀಯ? ಮೈಸೂರಾ, ಬೆಂಗಳೂರಾ, ಇಲ್ಲೇ ಹಾಸನದಲ್ಲಾ? ಕಳೆದ ಶನಿವಾರ, ಭಾನುವಾರ ನಾವು ಎಂಟು ಜನ ಇದೇ ಪ್ರಶ್ನೆ ಹೊತ್ಕೊಂಡು ಕ್ಯಾಂಪಸ್ ನೋಡೋಕೆ ಹೋಗಿದ್ವಿ. ಲೈಬ್ರರಿ ಹೇಗಿದೆ, ಹಾಸ್ಟೆಲ್ ಸಿಗುತ್ತಾ, ಪ್ಲೇಸ್‌ಮೆಂಟ್ ಉಂಟಾ ಅಂತ ವಿಚಾರಿಸೋದು ನಮ್ಮ ಪ್ಲಾನ್. ಅದನ್ನೆಲ್ಲ ಸ್ಟೋರಿ ಹೈಲೈಟ್‌ನಲ್ಲಿ ಹಾಕಿದ್ದೀನಿ. ಇಲ್ಲಿ ಹೇಳ್ತಿರೋದು ಬೇರೆ ವಿಷಯ: 'ಎಲ್ಲಿ ಓದ್ಲಿ' ಅಂತ ಕೇಳೋಕೆ ನಮಗೆ ಮೂರು ಆಯ್ಕೆ ಇದೆಯಲ್ಲ, ಅದು ಹೇಗೆ ಬಂತು ಅನ್ನೋದು. ಯಾಕಂದ್ರೆ 1915ರಲ್ಲಿ ಹಾಸನದ ಹುಡುಗನೊಬ್ಬ ಬಿ.ಎ. ಪಾಸಾಗಿದ್ರೆ ಅವನ ಡಿಗ್ರಿ ಮೇಲೆ ಇರ್ತಿದ್ದ ಹೆಸರು ಮದ್ರಾಸ್!

2/8
1857ರಲ್ಲಿ ಬ್ರಿಟಿಷರು ಕಲ್ಕತ್ತಾ, ಬಾಂಬೆ, ಮದ್ರಾಸ್ ಮೂರು ಕಡೆ ವಿಶ್ವವಿದ್ಯಾಲಯ ಶುರು ಮಾಡಿದ್ರು. ಮೈಸೂರು ಸಂಸ್ಥಾನದಲ್ಲಿ ಕಾಲೇಜುಗಳಿದ್ವು, ಆದರೆ ವಿವಿ ಇರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿವಿಗೆ ಸೇರಿದ್ವು. ಪಾಠ ಇಲ್ಲಿ, ಸಿಲಬಸ್, ಪರೀಕ್ಷೆ, ಪದವಿ ಎಲ್ಲ ಅಲ್ಲಿಯ ಲೆಕ್ಕದಲ್ಲಿ.

ಇದರ ಬಿಸಿ ಚೆನ್ನಾಗಿ ಗೊತ್ತಿದ್ದವರು ಎಂ. ವಿಶ್ವೇಶ್ವರಯ್ಯ. ಮುದ್ದೇನಹಳ್ಳಿಯ ಬಡ ಮನೆಯ ಹುಡುಗ, ಮನೆಪಾಠ ಹೇಳ್ಕೊಂಡು ಸೆಂಟ್ರಲ್ ಕಾಲೇಜಲ್ಲಿ ಓದಿದವರು. ಬಿ.ಎ. ಪದವಿ ಕೊಟ್ಟಿದ್ದು ಮದ್ರಾಸ್ ವಿವಿ. ಎಂಜಿನಿಯರಿಂಗ್ ಓದೋಕೆ ಪುಣೆಗೇ ಹೋಗಬೇಕಾಯ್ತು, ಅದೂ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿದ್ದಕ್ಕೆ. ಸ್ಕಾಲರ್‌ಶಿಪ್ ಸಿಗದ ಎಷ್ಟು ಜನ ಅರ್ಧಕ್ಕೇ ನಿಂತಿರಬಹುದು, ಯೋಚನೆ ಮಾಡಿ.

3/8
(ಫೋಟೊ: ಕ್ರಾಫರ್ಡ್ ಹಾಲ್, ಮೈಸೂರು ವಿವಿಯ ಆಡಳಿತ ಕಟ್ಟಡ. ಮುಂದೆ ಪೋಸ್ ಕೊಡ್ತಿರೋರು ನಮ್ಮ ಗ್ಯಾಂಗ್.)

ಅದೇ ವಿಶ್ವೇಶ್ವರಯ್ಯ 1912ರಲ್ಲಿ ದಿವಾನರಾದ್ರು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನರು ಸೇರಿ ಸಂಸ್ಥಾನಕ್ಕೆ ಸ್ವಂತ ವಿವಿ ಬೇಕು ಅಂತ ಹೊರಟಾಗ ನಡೆದ ಒಂದು ಕೆಲಸ ಓದಿ ನನಗೆ ಖುಷಿಯಾಯ್ತು. ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಅನ್ನೋ ಇಬ್ಬರು ಹೊರದೇಶಗಳ ಉನ್ನತ ಶಿಕ್ಷಣವನ್ನ ಅಧ್ಯಯನ ಮಾಡಿ ವರದಿ ಕೊಟ್ಟರು. ಅಂದ್ರೆ ಮೈಸೂರು ವಿವಿ ಹುಟ್ಟೋಕೆ ಮುಂಚೆಯೇ ಒಂದು ಕ್ಯಾಂಪಸ್ ವಿಸಿಟ್ ಆಗಿತ್ತು! ನಮ್ಮ ಪ್ರಶ್ನೆ 'ನಾನು ಎಲ್ಲಿ ಸೇರ್ಲಿ'. ಅವರದ್ದು 'ನಮ್ಮವರು ಸೇರೋಕೆ ಇಲ್ಲಿ ಏನು ಕಟ್ಟೋಣ'.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಶುರುವಾಯ್ತು. ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿವಿ ಇದು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ, ಅದರ ಹಿಂದಿನ ವರ್ಷ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೂ ಅವರೇ ಮೊದಲ ಅಧ್ಯಕ್ಷರು. ಶುರುವಿನಲ್ಲಿ ಕೈಯಲ್ಲಿದ್ದದ್ದು ಮುಖ್ಯವಾಗಿ ಅದೇ ಎರಡು ಕಾಲೇಜು, ಮಹಾರಾಜ ಮತ್ತು ಸೆಂಟ್ರಲ್. ಆದರೆ ಸಂಸ್ಥಾನ ದುಡ್ಡು ಹಾಕ್ತು, ಒಳ್ಳೆ ಮೇಷ್ಟ್ರುಗಳನ್ನ ಕರೆಸ್ತು. ಮುಂದೆ ರಾಷ್ಟ್ರಪತಿಯಾದ ಎಸ್. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮಹಾರಾಜ ಕಾಲೇಜಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟರು. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

4/8
(ಫೋಟೊ: ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆ. ಒಳಗೆ ಜಾನಪದ ವಸ್ತುಸಂಗ್ರಹಾಲಯ ಇದೆ.)

ಕುಕ್ಕರಹಳ್ಳಿ ಕೆರೆಯ ಆಚೆ ದಡದಲ್ಲಿ ಮಾನಸಗಂಗೋತ್ರಿ. ಮಹಾರಾಜ ಕಾಲೇಜಲ್ಲೇ ಓದಿದ ಕುವೆಂಪು 1956ರಿಂದ 1960ರವರೆಗೆ ಕುಲಪತಿ. ಈ ವಿವಿಯಲ್ಲೇ ಓದಿ ಕುಲಪತಿಯಾದ ಮೊದಲಿಗರು ಅವರು. ಸ್ನಾತಕೋತ್ತರ ಓದಿಗೆ ಅಂತಲೇ ಒಂದು ಕ್ಯಾಂಪಸ್ ಬೇಕು ಅಂತ ಇದನ್ನ ಕಟ್ಟೋಕೆ ಹೊರಟದ್ದು ಅವರ ಕಾಲದಲ್ಲಿ, ಹೆಸರಿಟ್ಟದ್ದೂ ಅವರೇ.

ಕ್ಯಾಂಪಸ್ಸಿಗೆ ಬರಲಾಗದವರ ಬಗ್ಗೆಯೂ ಆ ಕಾಲದ ವಿವಿ ಯೋಚಿಸಿತ್ತು. ಪ್ರಚಾರೋಪನ್ಯಾಸ ಅಂತ ಮಾಡಿ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡ್ತಿದ್ರು. ಆ ಉಪನ್ಯಾಸಗಳೇ ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಬಂದ್ವು. ನಮ್ಮ ತಾತಂದಿರ ಕಾಲದ ಮನೆಗಳಲ್ಲಿ ಹುಡುಕಿದ್ರೆ ಈಗಲೂ ಒಂದೆರಡು ಸಿಗಬಹುದು.

5/8
ಈಗ ಒಂದು ಮಜಾ ನೋಡಿ. ಮಂಗಳೂರು ವಿವಿಯ ಕೊಣಾಜೆ ಕ್ಯಾಂಪಸ್ ಹೆಸರು ಮಂಗಳಗಂಗೋತ್ರಿ. ದಾವಣಗೆರೆಯದ್ದು ಶಿವಗಂಗೋತ್ರಿ. ನಮ್ಮ ಹಾಸನದ್ದು ಹೇಮಗಂಗೋತ್ರಿ. ಎಲ್ಲ ಕಡೆ ಈ 'ಗಂಗೋತ್ರಿ' ಯಾಕೆ? ಯಾಕಂದ್ರೆ ಇವೆಲ್ಲ ಮೊದಲು ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರಗಳು. ಕೊಣಾಜೆಯಲ್ಲಿ 1968ರಲ್ಲಿ ಶುರುವಾದ ಕೇಂದ್ರ 1980ರಲ್ಲಿ ಮಂಗಳೂರು ವಿವಿ ಆಯ್ತು. ದಾವಣಗೆರೆಯದ್ದು 2009ರಲ್ಲಿ ಸ್ವಂತ ವಿವಿ ಆಯ್ತು. ಹೇಮಗಂಗೋತ್ರಿ ಈಚೆಗೆ ಹಾಸನ ವಿವಿ ಆಯ್ತು. ಒಂದು ಕಡೆ ಹುಟ್ಟಿದ ನೀರು ಕಾಲುವೆ ಕಾಲುವೆಯಾಗಿ ಊರ ಕಡೆ ಬಂದ ಹಾಗೆ. ಹೆಸರು ನೋಡಿದ್ರೇ ಇತಿಹಾಸ ಗೊತ್ತಾಗುತ್ತೆ.

6/8
ಕ್ಯಾಂಟೀನಲ್ಲಿ ಟೀ ಕುಡೀತಾ ಇದನ್ನೆಲ್ಲ ಮಾತಾಡ್ತಿದ್ವಿ. ಪಕ್ಕದ ಟೇಬಲ್ಲಲ್ಲಿ ಕೂತಿದ್ದ ಹಾವೇರಿ ಕಡೆಯ ಸೀನಿಯರ್ ಒಬ್ಬರು ನಕ್ಕು, "ನಿಮ್ದು ಬರೇ ಮೈಸೂರ್ ಕಥಿ ಆತು. ನಮ್ ಕಡೀದು ಗೊತ್ತೇನು?" ಅಂದ್ರು. ನಿಜ, ಗೊತ್ತಿರಲಿಲ್ಲ. ಬಂದ ಮೇಲೆ ಓದಿದ್ದು ಇದು.

ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ ಆಗ ಮುಂಬೈ ಪ್ರಾಂತ್ಯ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅದಕ್ಕೆ ಮುಂಚೆ ಡಿಗ್ರಿ ಓದೋಕೆ ಪುಣೆ, ಮುಂಬೈ ಕಡೆ ಹೋಗೋರು. ಕಾಲೇಜು ಬಂದ ಮೇಲೂ ಪದವಿ ಕೊಡೋದು ಬಾಂಬೆ ವಿವಿಯೇ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಅದೂ ಮುಂಬೈನಲ್ಲಿ! 1950ರಲ್ಲಿ ಧಾರವಾಡಕ್ಕೆ ಬಂತು. ಡಿ.ಸಿ. ಪಾವಟೆ 1954ರಿಂದ 1967ರವರೆಗೆ ಕುಲಪತಿಯಾಗಿದ್ದು ಅದನ್ನ ಕಟ್ಟಿ ನಿಲ್ಲಿಸಿದ್ರು.

ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಆಳ್ವಿಕೆಯಲ್ಲಿದ್ವು. ಅಲ್ಲಿಯವರಿಗೆ ಹೈದರಾಬಾದಿನ ಉಸ್ಮಾನಿಯಾ ವಿವಿ, 1918ರಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾದದ್ದು. ಕನ್ನಡದ ಮಕ್ಕಳಿಗೆ ಊರೂ ದೂರ, ಭಾಷೆಯೂ ದೂರ. ಕಲಬುರಗಿಗೆ ತನ್ನದೇ ವಿವಿ ಬಂದದ್ದು 1980ರಲ್ಲಿ. ಮೈಸೂರಿಗೂ ಕಲಬುರಗಿಗೂ 64 ವರ್ಷದ ಅಂತರ. ಆ 64 ವರ್ಷದಲ್ಲಿ ಓದಬಹುದಾಗಿದ್ದವರು ಎಷ್ಟು ತಲೆಮಾರು?

7/8
(ಫೋಟೊ: ಸೆಂಟ್ರಲ್ ಕಾಲೇಜಿನ ಗಡಿಯಾರದ ಗೋಪುರ, ಭಾನುವಾರ ಬೆಳಿಗ್ಗೆ.)

ಬೆಂಗಳೂರಲ್ಲಿ ನೇರಳೆ ಮೆಟ್ರೊ ಹತ್ತಿ ನಾವು ಇಳಿದ ಸ್ಟೇಷನ್ ಹೆಸರು 'ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು'. ಮನೆಪಾಠ ಹೇಳಿ ಓದಿದ ಹುಡುಗನ ಹೆಸರು ಅವನ ಕಾಲೇಜಿನ ಬಾಗಿಲಲ್ಲೇ ಇದೆ. 1858ರಲ್ಲಿ ಹೈಸ್ಕೂಲಾಗಿ ಶುರುವಾದ ಈ ಸಂಸ್ಥೆ ಮೊದಲು ಮದ್ರಾಸ್ ವಿವಿಗೆ, 1916ರಿಂದ ಮೈಸೂರು ವಿವಿಗೆ, 1964ರಿಂದ ಬೆಂಗಳೂರು ವಿವಿಗೆ ಸೇರಿತ್ತು. ಬೆಂಗಳೂರು ವಿವಿಯ ದೊಡ್ಡ ಕ್ಯಾಂಪಸ್ ಆಮೇಲೆ ಜ್ಞಾನಭಾರತಿಗೆ ಹೋಯ್ತು. 2017ರಲ್ಲಿ ಆ ವಿವಿ ಮೂರಾದಾಗ ಸೆಂಟ್ರಲ್ ಕಾಲೇಜು ಆವರಣ ಬೆಂಗಳೂರು ನಗರ ವಿವಿಗೆ ಬಂತು. ಅದೇ ಕಟ್ಟಡ, ಅದೇ ಗೋಪುರ, ಪದವಿ ಪತ್ರದ ಮೇಲೆ ಮಾತ್ರ ಬೇರೆ ಬೇರೆ ಹೆಸರು.

8/8
ಈಗ ಅಸಲು ವಿಷಯ. 2025ರ ಫೆಬ್ರವರಿಯಲ್ಲಿ ರಾಜ್ಯದ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನ ಮುಚ್ಚಿ ಹಳೇ ವಿವಿಗಳಿಗೆ ಸೇರಿಸೋ ಮಾತಾಡ್ತು. ಹಾಸನ, ಕೊಡಗು, ಮಂಡ್ಯ, ಹಾವೇರಿ, ಕೊಪ್ಪಳ ಎಲ್ಲ ಆ ಪಟ್ಟಿಯಲ್ಲಿದ್ವು. ದುಡ್ಡಿಲ್ಲ, ಜಾಗ ಇಲ್ಲ, ಸಿಬ್ಬಂದಿ ಇಲ್ಲ ಅನ್ನೋದು ಕಾರಣ. ಆ ಕಾರಣ ಸುಳ್ಳು ಅಂತ ನಾನು ಹೇಳಲ್ಲ. ಕಾಮರ್ಸ್ ಓದೋರು ನಾವು, ಆದಾಯ ಇಲ್ಲದೆ ಸಂಸ್ಥೆ ನಡೆಯಲ್ಲ ಅಂತ ನಮಗೂ ಗೊತ್ತು. ಬೋರ್ಡ್ ಬದಲಾಯಿಸಿದ ಮಾತ್ರಕ್ಕೆ ವಿವಿ ಆಗಲ್ಲ. ಮೈಸೂರು ಶುರುವಾಗಿದ್ದೂ ಎರಡೇ ಕಾಲೇಜಿಂದ, ಆದರೆ ಅಲ್ಲಿ ಹಿಂದೆ ದುಡ್ಡಿತ್ತು, ಮುಂದೆ ಮೇಷ್ಟ್ರಿದ್ರು.

ಆದರೆ ಲೆಕ್ಕದಲ್ಲಿ ಒಂದು ಖರ್ಚು ಬಿಟ್ಟುಹೋಗುತ್ತೆ: ದೂರ. ಅದು ಸರ್ಕಾರದ ಪುಸ್ತಕದಲ್ಲಿ ಕಾಣಲ್ಲ, ಮನೆಯವರ ಪುಸ್ತಕದಲ್ಲಿ ಕಾಣುತ್ತೆ. ನಮ್ಮ ಎಂಟು ಜನರಲ್ಲಿ ಐದು ಜನ ಹುಡುಗಿಯರು. ಶಕ್ತಿ ಯೋಜನೆ ಇರೋದ್ರಿಂದ ಸರ್ಕಾರಿ ಬಸ್ಸಲ್ಲಿ ಅವರಿಗೆ ಜೀರೋ ಟಿಕೆಟ್, ದುಡ್ಡು ಕೊಟ್ಟೋರು ನಾವು ಮೂವರು. ಬಸ್ ಚಾರ್ಜ್ ಹೋದ್ರೂ ಹಾಸ್ಟೆಲ್, ಮೆಸ್ ಖರ್ಚು ಉಳೀತು, 'ಅಷ್ಟು ದೂರ ಯಾಕಮ್ಮ' ಅನ್ನೋ ಮಾತೂ ಉಳೀತು. ಅವರಲ್ಲಿ ಒಬ್ಬಳಿಗೆ ಮನೆಯಲ್ಲಿ ಹೇಳಿರೋದು ಇಷ್ಟೇ: ಹಾಸನದಲ್ಲಾದ್ರೆ ಓದು. ಕ್ಲಾಸಿಗೆ ಫಸ್ಟ್ ಬರೋಳು ಅವಳು. ಹೇಮಗಂಗೋತ್ರಿಯಲ್ಲಿ ಎಂಕಾಂ ನಡೀತಾ ಇದ್ರೆ ಅವಳು ಓದ್ತಾಳೆ, ಇಲ್ಲದಿದ್ರೆ ಇಲ್ಲ. ಅವಳಿಗೆ ಮೂರು ಆಯ್ಕೆ ಯಾವತ್ತೂ ಇರಲಿಲ್ಲ, ಇದ್ದದ್ದು ಒಂದೇ.

ಹಾಗಾಗಿ ಹೊಸ ವಿವಿ ಉಳಿಯಲಿ, ಮೈಸೂರಿಗೇ ಸೇರಲಿ, ಬೋರ್ಡ್ ಮೇಲೆ ಯಾವ ಹೆಸರಾದ್ರೂ ಇರಲಿ. ಕೇಳಬೇಕಾದ ಪ್ರಶ್ನೆ ಎರಡು: ಕ್ಲಾಸ್ ಊರಲ್ಲೇ ನಡೆಯುತ್ತಾ? ಪಾಠ ಮಾಡೋಕೆ ಪರ್ಮನೆಂಟ್ ಮೇಷ್ಟ್ರು ಇರ್ತಾರಾ? ಮದ್ರಾಸಿನಿಂದ ಮೈಸೂರಿಗೆ, ಮೈಸೂರಿಂದ ಹಾಸನಕ್ಕೆ ಬರೋಕೆ ಓದು ತಗೊಂಡದ್ದು ನೂರು ವರ್ಷಕ್ಕಿಂತ ಜಾಸ್ತಿ. ವಾಪಸ್ ಕಳಿಸೋಕೆ ಒಂದು ಆದೇಶ ಸಾಕು.

ನಿಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದೋರು ಯಾರು, ಎಷ್ಟು ದೂರ ಹೋಗಿ ಓದಿದ್ರು? ಕೇಳಿ ತಿಳ್ಕೊಂಡು ಕಮೆಂಟಲ್ಲಿ ಬರೀರಿ. ಪಿಜಿ ಹುಡುಕ್ತಿರೋ ಫ್ರೆಂಡ್ಸ್‌ಗೆ ಶೇರ್ ಮಾಡಿ.

#ಮಾನಸಗಂಗೋತ್ರಿ #ಹೇಮಗಂಗೋತ್ರಿ #ಸೆಂಟ್ರಲ್‌ಕಾಲೇಜು