ಪ್ರೇರಣೆಯೆಂಬ ಶಬ್ದ

ಮನಸ್ಸಿನ ಉತ್ಸಾಹಕ್ಕೆ ಮೂಲವಾದುದನ್ನು ನಾವು ‘ಪ್ರೇರಣೆ’ಯೆನ್ನುತ್ತೇವೆ. ಆದರೆ ಆ ಶಬ್ದದ ಧಾತ್ವರ್ಥವು ಮುಂದಕ್ಕೆ ಚಲಿಸುವಂತೆ ಮಾಡುವುದೆಂದಷ್ಟೆ. ಗಾಳಿಯು ಹಡಗನ್ನು ನೂಕುವುದೂ ಪ್ರೇರಣೆಯೇ. ಈ ಭಾವವನ್ನು ಸೂಕ್ಷ್ಮವಾಗಿ ತೂಗಿ ನೋಡಿದವರು ವೈಯಾಕರಣರು. ಇನ್ನೊಬ್ಬನಿಂದ ಕೆಲಸ ಮಾಡಿಸುವವನಿಗೆ ಪಾಣಿನಿಯು ‘ಹೇತು’ವೆಂಬ ಹೆಸರನ್ನಿತ್ತನು, ‘ಕರ್ತೃ’ವೆಂಬ ಹೆಸರನ್ನೂ ಉಳಿಸಿದನು. ಮಾಡಿದವನಂತೆ ಮಾಡಿಸಿದವನೂ ಕರ್ತೃವೇ! ಕನ್ನಡದಲ್ಲಿ ಈ ಭಾರವನ್ನೆಲ್ಲ ‘ಇಸು’ ಎಂಬ ಪುಟ್ಟ ಪ್ರತ್ಯಯವೊಂದೇ ಹೊರುತ್ತದೆ: ಮಾಡು, ಮಾಡಿಸು, ಓದು, ಓದಿಸು. ಓದುವುದಕ್ಕಿಂತ ಓದಿಸುವುದು ಎಷ್ಟು ಕಷ್ಟವೆಂಬುದನ್ನು ತಾಯ್ತಂದೆಗಳು ಬಲ್ಲರು.

ಮೀಮಾಂಸಕರ ಮಾತು ‘ಚೋದನೆ’. ಮನುಷ್ಯನನ್ನು ಕರ್ಮದಲ್ಲಿ ತೊಡಗಿಸುವ ವೇದವಾಕ್ಯವೆಂದು ಅವರಲ್ಲಿ ಅದರ ಅರ್ಥ. ಜೈಮಿನಿಯು ಧರ್ಮದ ಲಕ್ಷಣವನ್ನೇ ಅದರಿಂದ ಹೇಳಿದನು. ಅದರ ಸೋದರ ಶಬ್ದವಾದ ‘ಪ್ರಚೋದನೆ’ಯು ಇಂದು ಗಲಭೆಗಳ ವರದಿಯಲ್ಲಿಯೇ ಹೆಚ್ಚಾಗಿ ಕಣ್ಣಿಗೆ ಬೀಳುವುದು ವಿಷಾದಕರ. ‘ಪ್ರೇರಣೆ’ಗೂ ನ್ಯಾಯಾಲಯದ ಮೆಟ್ಟಿಲು ತಪ್ಪಲಿಲ್ಲ. 1860ರ ಭಾರತೀಯ ದಂಡ ಸಂಹಿತೆಯು ಹೇಳುವ, ಅಪರಾಧಕ್ಕೆ ಇನ್ನೊಬ್ಬನನ್ನು ತೊಡಗಿಸುವ ಕೃತ್ಯಕ್ಕೆ ಕನ್ನಡದಲ್ಲಿ ‘ದುಷ್ಪ್ರೇರಣೆ’ಯೆಂಬ ಹೆಸರಾಯಿತು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆಯು ಬಂದಿತು. ಪ್ರೇರಕನ ಹೊಣೆ ಮಾತ್ರ ಹಾಗೆಯೇ ಉಳಿಯಿತು. ಪ್ರೇರಣೆಯ ಫಲವಾಗಿ ಅಪರಾಧವು ನಡೆದುಹೋಗಿದ್ದು, ಕಾನೂನಿನಲ್ಲಿ ಬೇರೆ ಶಿಕ್ಷೆಯನ್ನು ಹೇಳಿಲ್ಲದಿದ್ದರೆ, ಮಾಡಿದವನಿಗೆ ವಿಧಿಸಿದ ಶಿಕ್ಷೆಯೇ ಮಾಡಿಸಿದವನಿಗೂ.