ಆಪತ್ಸೂಚಕ ಬೀಕನ್

ನೌಕೆ ಮುಳುಗುವಾಗ ಅಥವಾ ನಾವಿಕನು ನಿಸ್ಸಹಾಯನಾದಾಗ, ನೌಕೆಯ ಗುರುತನ್ನೂ ಅದು ಇರುವ ಸ್ಥಾನವನ್ನೂ ಉಪಗ್ರಹಗಳ ಮೂಲಕ ದಡದ ರಕ್ಷಣಾ ಕೇಂದ್ರಕ್ಕೆ ಮುಟ್ಟಿಸುವ ಪುಟ್ಟ ರೇಡಿಯೋ ಪ್ರೇಷಕ. ನಾವಿಕರು ಇದನ್ನು ಈಪರ್ಬ್ ಎನ್ನುತ್ತಾರೆ. ಹಳದಿ ಬಣ್ಣದ, ದೊಡ್ಡದೊಂದು ಚೆಂಬಿನಷ್ಟು ಗಾತ್ರದ ಈ ವಸ್ತುವನ್ನು ಕಂಡವರಿಗೆ ಇದರ ಸಾಮರ್ಥ್ಯದ ಕಲ್ಪನೆ ಸುಲಭವಾಗಿ ಬಾರದು.

ನೌಕೆ ನೀರೊಳಗೆ ಇಳಿದು ಒಂದೂವರೆಯಿಂದ ನಾಲ್ಕು ಮೀಟರಿನಷ್ಟು ಆಳವನ್ನು ಮುಟ್ಟುತ್ತಲೇ, ಜಲದ ಒತ್ತಡದಿಂದ ಬಿಡುಗಡೆಯಾಗುವ ಒಂದು ಅಲಗು, ಬೀಕನ್ ಇರುವ ಪೆಟ್ಟಿಗೆಯನ್ನು ಹಿಡಿದಿಟ್ಟ ಪ್ಲಾಸ್ಟಿಕ್ ತಿರುಪನ್ನು ಕತ್ತರಿಸುತ್ತದೆ. ಮುಚ್ಚಳ ಹಾರಿ, ಬೀಕನ್ ಮೇಲೆ ತೇಲಿ ಬಂದು, ಉಪ್ಪುನೀರಿನ ಸ್ಪರ್ಶದಿಂದಲೇ ಎಚ್ಚತ್ತು, 406 ಮೆಗಾಹರ್ಟ್ಸ್ ಆವೃತ್ತಿಯಲ್ಲಿ 5 ವ್ಯಾಟಿನ ಶಕ್ತಿಯಿಂದ ಸುಮಾರು 50 ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡಿನ ಕೂಗನ್ನು ಕನಿಷ್ಠ 48 ಗಂಟೆಗಳ ಕಾಲ ಹೊರಡಿಸತೊಡಗುತ್ತದೆ. ಜೊತೆಗೆ 121.5 ಮೆಗಾಹರ್ಟ್ಸಿನ ಕ್ಷೀಣ ಸಂಕೇತವೂ ಮಿನುಗುದೀಪವೂ ಉಂಟು. ಇವು ಸಮೀಪಕ್ಕೆ ಬಂದ ರಕ್ಷಕರಿಗೆ ದಾರಿ ತೋರತಕ್ಕವು.

ಈ ಕೂಗನ್ನು ಆಲಿಸುವ ಕೋಸ್ಪಾಸ್-ಸಾರ್ಸಾಟ್ ವ್ಯವಸ್ಥೆಯ ಹುಟ್ಟು ಒಂದು ಸೋಜಿಗವೇ ಸರಿ. ಪರಸ್ಪರ ಕ್ಷಿಪಣಿಗಳನ್ನು ಗುರಿಯಿಟ್ಟು ನಿಂತಿದ್ದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು, ಕೆನಡಾ ಮತ್ತು ಫ್ರಾನ್ಸುಗಳೊಡನೆ 1979ರಲ್ಲಿ ಇದಕ್ಕಾಗಿ ಕೈಜೋಡಿಸಿದುವು. 1982ರ ಜೂನ್ 30ರಂದು ಮೊದಲನೆಯ ಉಪಗ್ರಹವನ್ನು ಹಾರಿಸಿದವರು ಸೋವಿಯತ್ತರು. ಅದೇ ಸೆಪ್ಟೆಂಬರಿನಲ್ಲಿ ಅದರ ಸಹಾಯದಿಂದ ಬದುಕಿದವರು ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ವಿಮಾನ ಬಿದ್ದು ಸಿಕ್ಕಿಬಿದ್ದಿದ್ದ ಮೂವರು. ಸಮೀಪಿಸುವ ರೈಲಿನ ಸಿಳ್ಳು ತಾರಕ್ಕೇರಿ, ದಾಟಿದ ಮೇಲೆ ಮಂದ್ರಕ್ಕಿಳಿಯುವಂತೆ, ಹಾದುಹೋಗುವ ಉಪಗ್ರಹಕ್ಕೆ ಕೇಳುವ ಆವೃತ್ತಿಯ ಏರಿಳಿತದಿಂದಲೇ ಆಗ ಸ್ಥಾನವನ್ನು ಗಣಿಸುತ್ತಿದ್ದರು; ಸುಮಾರು ಐದು ಕಿಲೋಮೀಟರಿನ ಸಂದೇಹ ಉಳಿಯುತ್ತಿತ್ತು. ಜಿಪಿಎಸ್ ಅಳವಡಿಸಿದ ಬೀಕನ್ನುಗಳಲ್ಲಿ ಅದು ಸುಮಾರು ನೂರು ಮೀಟರಿಗೆ ಇಳಿದಿದೆ.

ಭಾರತೀಯ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿಯವರ ಪ್ರಸಂಗವು ಇದರ ಉಪಯುಕ್ತತೆಗೆ ಉತ್ತಮ ನಿದರ್ಶನ. ಆಧುನಿಕ ದಿಗ್ದರ್ಶಕ ಉಪಕರಣಗಳನ್ನು ನಿಷೇಧಿಸಿದ್ದ ಏಕಾಂಗಿ ಭೂಪ್ರದಕ್ಷಿಣೆಯ ಸ್ಪರ್ಧೆಯೊಂದರಲ್ಲಿ, 2018ರ ಸೆಪ್ಟೆಂಬರ್ 21ರಂದು, ಪರ್ತ್ ನಗರದಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ಸಿಲುಕಿ, ಪಟಸ್ತಂಭ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ ಅವರು ಮೇಲೇಳಲಾರದಾದರು. ನಕ್ಷತ್ರಗಳನ್ನು ನೋಡಿ ದಾರಿ ಹುಡುಕಬೇಕಾಗಿದ್ದ ಆ ಸ್ಪರ್ಧೆಯಲ್ಲಿಯೂ ಬೀಕನ್ ಮಾತ್ರ ನಿಷಿದ್ಧವಾಗಿರಲಿಲ್ಲ. ಅವರು ಅದನ್ನು ಚಾಲನೆಗೊಳಿಸಿದರು; ಸೆಪ್ಟೆಂಬರ್ 24ರಂದು ಓಸಿರಿಸ್ ಎಂಬ ಫ್ರೆಂಚ್ ಹಡಗು ಅವರನ್ನು ಸೇರಿತು.

ಭಾರತದಲ್ಲಿ ಇಂಥ ಸಂಕೇತಗಳನ್ನು ಬಿಡಿಸಿ ಓದುವ ಕೇಂದ್ರವು ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರ್ಯಾಕ್ ಸಂಸ್ಥೆಯಲ್ಲಿದೆ. ಸಮುದ್ರದಿಂದ ಇಷ್ಟು ದೂರದ ಊರಿಗೆ ಕಡಲಿನ ಕೂಗು ಮೊದಲು ಕೇಳಿಸುವುದು ಸ್ವಾರಸ್ಯಕರ. ಅಲ್ಲಿಂದ ಸುದ್ದಿ ಕರಾವಳಿ ರಕ್ಷಣಾ ಪಡೆಯ ಕೇಂದ್ರಗಳಿಗೆ ಹೋಗುತ್ತದೆ. ಮೀನುಗಾರಿಕೆಯ ದೋಣಿಗಳಿಗಾಗಿ ಇಸ್ರೋ ರೂಪಿಸಿದ ಡ್ಯಾಟ್ ಎಂಬ ಉಪಕರಣವು 2010ರಿಂದ ಬಳಕೆಯಲ್ಲಿದ್ದರೂ ಕೂಗಿದವನಿಗೆ ಉತ್ತರ ಬರುತ್ತಿರಲಿಲ್ಲ. 2024ರಲ್ಲಿ ಬಂದ ಅದರ ಎರಡನೆಯ ಪೀಳಿಗೆಯು, ಕರೆ ಮುಟ್ಟಿತೆಂಬ ಮರುಸಂದೇಶವನ್ನು ನಾವಿಕ್ ಎಂಬ ಭಾರತದ ದಿಗ್ದರ್ಶಕ ಉಪಗ್ರಹಗಳ ಮೂಲಕ ದೋಣಿಗೆ ತಲುಪಿಸುತ್ತದೆ.

ಪ್ರತಿಯೊಂದು ಬೀಕನ್ನಿಗೂ ಹದಿನೈದು ಅಕ್ಷರಾಂಕಗಳ ಗುರುತು ಇರುತ್ತದೆ. ಮಾಲಿಕನು ನೋಂದಾಯಿಸಿದ್ದರೆ ಮಾತ್ರ ಅದರಿಂದ ದೋಣಿಯ ಹೆಸರೂ ಮನೆಯವರ ದೂರವಾಣಿಯೂ ತಿಳಿದಾವು. ಬರುವ ಕರೆಗಳಲ್ಲಿ ಬಹುಪಾಲು ಸುಳ್ಳು ಕರೆಗಳೇ ಆದುದರಿಂದ, ಒಂದು ದೂರವಾಣಿಯ ವಿಚಾರಣೆಯಿಂದ ವಿಮಾನದ ವ್ಯರ್ಥ ಹಾರಾಟ ತಪ್ಪುವುದುಂಟು. ಕೈತಪ್ಪಿ ಚಾಲನೆಗೊಂಡರೆ ಸುಮ್ಮನೆ ಆರಿಸಿಬಿಡದೆ ರಕ್ಷಣಾ ಕೇಂದ್ರಕ್ಕೆ ತಿಳಿಸತಕ್ಕದ್ದು. ಬ್ಯಾಟರಿ ಹಲವು ವರ್ಷ ಬಾಳಬಲ್ಲುದಾದರೂ, ಒತ್ತಡದಿಂದ ಬಿಚ್ಚಿಕೊಳ್ಳುವ ಆ ಅಲಗಿನ ಕೊಂಡಿಯ ಆಯುಷ್ಯ ಸಾಮಾನ್ಯವಾಗಿ ಎರಡೇ ವರ್ಷ; ಅದು ತೀರುವ ತಿಂಗಳನ್ನು ಕೊಂಡಿಯ ಮೇಲೆಯೇ ಗುರುತಿಸಿರುತ್ತದೆ.