ಸೈಕಲ್ ಸವಾರರಿಗೊಬ್ಬ ಸೂತ್ರಕಾರ

ಶಾಸ್ತ್ರಕ್ಕೊಬ್ಬ ಸೂತ್ರಕಾರನಿರುವುದು ನಮ್ಮಲ್ಲಿ ವಾಡಿಕೆ. ವ್ಯಾಕರಣಕ್ಕೆ ಪಾಣಿನಿ, ಯೋಗಕ್ಕೆ ಪತಂಜಲಿ. ಸೈಕಲ್ ತುಳಿಯುವುದಕ್ಕೂ ಒಬ್ಬ ಸೂತ್ರಕಾರನಿದ್ದನೆಂದರೆ ಓದುಗರಿಗೆ ನಗು ಬಂದೀತು. ಆದರೆ ಫ್ರಾನ್ಸ್ ದೇಶದಲ್ಲಿ ಅಂಥವನೊಬ್ಬನು ನಿಜವಾಗಿಯೂ ಇದ್ದನು. ಅವನ ಸೂತ್ರಗಳು ಏಳೇ ಏಳು. ಅವನ್ನು ತಿಳಿದುಕೊಳ್ಳುವುದರಿಂದ ಸೈಕಲ್ ಏರದವರಿಗೂ ಲಾಭವುಂಟು.

ಆತನ ಹೆಸರು ಪಾಲ್ ದ ವಿವೀ; ವೆಲೋಸಿಯೋ ಎಂಬುದು ಆತ ಲೇಖನಗಳಿಗೆ ಇಟ್ಟುಕೊಂಡ ಅಂಕಿತ. ಹುಟ್ಟಿದ್ದು ೧೮೫೩ರಲ್ಲಿ, ದಕ್ಷಿಣ ಫ್ರಾನ್ಸಿನ ವೊಕ್ಲೂಸ್ ಪ್ರಾಂತದ ಪೆರ್ನ್ ಎಂಬ ಊರಿನಲ್ಲಿ. ಸೇಂತ್ ಎತಿಯೆನ್ ಪಟ್ಟಣದಲ್ಲಿ ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದವನಿಗೆ ಸೈಕಲ್ಲಿನ ಗೀಳು ಹಿಡಿಯಿತು. ೧೮೮೭ರಲ್ಲಿ ಸೈಕಲ್ ಸವಾರರಿಗಾಗಿ ಪತ್ರಿಕೆಯೊಂದನ್ನು ಹೊರಡಿಸಿದನು. ರೇಷ್ಮೆಯನ್ನು ಬಿಟ್ಟು ಸೈಕಲ್ಲಿನ ವ್ಯಾಪಾರಕ್ಕೇ ಇಳಿದನು. ಪಂದ್ಯದಲ್ಲಿ ಗೆದ್ದು ಹಣ ಸಂಪಾದಿಸುವ ಹಂಬಲ ಅವನದಲ್ಲ. ಸಂತೋಷಕ್ಕಾಗಿ ತುಳಿಯುವ ಹವ್ಯಾಸಿ ಹೆಚ್ಚು ದೂರ ಹೋಗಿ ಸುಖವಾಗಿ ಮನೆಗೆ ಮರಳುವುದು ಹೇಗೆ ಎಂಬುದೇ ಅವನ ಚಿಂತೆ.

ಸೇಂತ್ ಎತಿಯೆನ್ನಿನ ಸುತ್ತ ಬೆಟ್ಟಗಳು. ಪಟ್ಟಣದ ಬಳಿಯ ಗ್ರಾಂ ಬ್ವಾ ಕಣಿವೆದಾರಿ ೧೧೬೧ ಮೀಟರ್ ಎತ್ತರಕ್ಕೆ ಏರುತ್ತದೆ. ಒಂದೇ ಗೇರಿನ ಸೈಕಲ್ಲಿನಲ್ಲಿ ಏರು ಬಂದಾಗ ಏನು ಮಾಡಬೇಕೆಂಬುದು ನಿಮಗೆ ಗೊತ್ತೇ ಇದೆ: ಇಳಿದು ತಳ್ಳಬೇಕು. ಮುಂದಿನ ಚಕ್ರಕ್ಕೆ ೪೮ ಹಲ್ಲು, ಹಿಂದಿನದಕ್ಕೆ ೧೬ ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ಬಂದಾಗ ಗಾಲಿ ಮೂರು ಸುತ್ತು ಓಡುತ್ತದೆ. ಸಮನೆಲದಲ್ಲಿ ಇದು ಹಿತ, ಏರಿನಲ್ಲಿ ಮೊಣಕಾಲಿಗೆ ಶಿಕ್ಷೆ. ವೆಲೋಸಿಯೋ ಮೊದಲು ಮುಂದುಗಡೆ ಎರಡು ಹಲ್ಲುಚಕ್ರಗಳನ್ನಿಟ್ಟು, ಚೈನನ್ನು ಕೈಯಿಂದಲೇ ಎತ್ತಿ ಹಾಕಿ ನೋಡಿದನು. ಅಲ್ಲಿಂದ ಮುಂದೆ, ತುಳಿಯುತ್ತಿರುವಾಗಲೇ ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಸಲಕರಣೆಗಾಗಿ ವರ್ಷಗಟ್ಟಲೆ ವಾದಿಸಿದನು.

೧೯೦೨ರಲ್ಲಿ ಫ್ರಾನ್ಸಿನ ಪ್ರವಾಸಿ ಸಂಘವೊಂದು ೨೧೧೫ ಮೀಟರ್ ಎತ್ತರದ ತೂರ್ಮಲೆ ಕಣಿವೆದಾರಿಯಲ್ಲಿ ಇಂಥ ಸೈಕಲ್ಲುಗಳ ಪರೀಕ್ಷೆ ನಡೆಸಿತು. ಮಾರ್ಥ್ ಹೆಸ್ ಎಂಬ ಮಹಿಳೆ ಗೇರು ಬದಲಿಸುವ ಸೈಕಲ್ಲಿನಲ್ಲಿ ಆ ದಾರಿಯನ್ನು ಏರಿ ತೋರಿಸಿದಳು. ಆದರೆ ಆಂರಿ ದೆಗ್ರಾಂಜ್ ಒಪ್ಪಲಿಲ್ಲ. ಈತ ಕ್ರೀಡಾಪತ್ರಿಕೆಯ ಸಂಪಾದಕ, ೧೮೯೩ರಲ್ಲಿ ಒಂದು ಗಂಟೆಯಲ್ಲಿ ೩೫ ಕಿಲೋಮೀಟರಿಗೂ ಮಿಗಿಲಾಗಿ ತುಳಿದು ದಾಖಲೆ ಮಾಡಿದ್ದ ವೀರ. ಗೇರುಗಳು ನಲವತ್ತೈದು ದಾಟಿದವರಿಗೆ ಸರಿ, ಸ್ನಾಯುಬಲದಿಂದ ಗೆಲ್ಲುವುದೇ ಗೆಲುವು ಎಂಬುದು ಅವನ ವಾದ. ವೆಲೋಸಿಯೋನಿಗೆ ಆಗ ನಲವತ್ತೊಂಬತ್ತು!

ಮರುವರ್ಷ, ೧೯೦೩ರಲ್ಲಿ, ದೆಗ್ರಾಂಜ್ ಫ್ರಾನ್ಸ್ ಪ್ರದಕ್ಷಿಣೆಯ ಪ್ರಸಿದ್ಧ ಪಂದ್ಯವನ್ನು ಆರಂಭಿಸಿದನು. ಅದರ ಹೆಸರಾಂತ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ತಿರುಗಿಸಿ ಹಾಕಿಕೊಂಡು, ಮತ್ತೊಂದು ಮಗ್ಗುಲಿನ ಹಲ್ಲುಚಕ್ರದಿಂದ ಏರಬೇಕಾಗಿತ್ತು. ಈ ನಿರ್ಬಂಧ ಸಡಿಲವಾದದ್ದು ೧೯೩೭ರಲ್ಲಿ. ಸೂತ್ರಕಾರನಾದರೋ ೧೯೩೦ರಲ್ಲಿಯೇ ಸೇಂತ್ ಎತಿಯೆನ್ನಿನಲ್ಲಿ ಟ್ರಾಮ್ ಬಡಿದು ತೀರಿಕೊಂಡಿದ್ದನು.

ಇನ್ನು ಆ ಏಳು ಸೂತ್ರಗಳು. ಅವುಗಳ ಭಾವವಿಷ್ಟು: ದಾರಿಯಲ್ಲಿ ತಂಗುವುದು ಅಪರೂಪವಾಗಿರಲಿ, ಅದೂ ಸ್ವಲ್ಪ ಹೊತ್ತು ಮಾತ್ರ. ಹಸಿಯುವ ಮುನ್ನ ಉಣ್ಣು, ಬಾಯಾರುವ ಮುನ್ನ ಕುಡಿ. ಉಣ್ಣುವುದನ್ನು ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಉಣ್ಣು. ಊಟ ಸೇರದ, ನಿದ್ದೆ ಹತ್ತದ ಮಟ್ಟಕ್ಕೆ ದಣಿಯಬೇಡ. ಚಳಿಯಾಗುವ ಮುನ್ನ ಹೊದೆ, ಸೆಕೆಯಾಗುವ ಮುನ್ನ ಬಟ್ಟೆ ಕಳಚು. ಪ್ರಯಾಣದ ದಿನಗಳಲ್ಲಾದರೂ ಮದ್ಯ, ಮಾಂಸ, ತಂಬಾಕುಗಳನ್ನು ಬಿಡು. ಮೊದಲ ಗಂಟೆಗಳಲ್ಲಿ ಆರಂಭಶೂರನಾಗಬೇಡ. ಕೊನೆಯದಾಗಿ, ಪ್ರತಿಷ್ಠೆಗಾಗಿ ಎಂದೂ ತುಳಿಯಬೇಡ.

ಈ ಕೊನೆಯ ಸೂತ್ರ ಬರಿಯ ನೀತಿಬೋಧೆಯಲ್ಲ. ೧೯೬೭ರ ಜುಲೈ ೧೩ರಂದು ಅದೇ ಫ್ರಾನ್ಸ್ ಪ್ರದಕ್ಷಿಣೆಯ ಪಂದ್ಯ ವೆಲೋಸಿಯೋ ಹುಟ್ಟಿದ ವೊಕ್ಲೂಸ್ ಪ್ರಾಂತದಲ್ಲಿಯೇ ವಾಂತು ಬೆಟ್ಟವನ್ನು ಏರುತ್ತಿತ್ತು. ಉರಿಬಿಸಿಲು. ಆ ಕಾಲದಲ್ಲಿ ಸವಾರರಿಗೆ ಕೊಡುವ ನೀರಿನ ಸೀಸೆಗಳಿಗೂ ಮಿತಿಯಿತ್ತು. ಟಾಮ್ ಸಿಂಪ್ಸನ್ ಎಂಬ ಇಪ್ಪತ್ತೊಂಬತ್ತು ವರ್ಷದ ಇಂಗ್ಲಿಷ್ ಸವಾರ ಹೊಟ್ಟೆಯ ಬಾಧೆಯಿಂದ ಬಳಲಿದ್ದರೂ ಬಿಡದೆ ತುಳಿದು, ಶಿಖರ ಇನ್ನೂ ದೂರವಿರುವಾಗಲೇ ಕುಸಿದುಬಿದ್ದು ಪ್ರಾಣ ಬಿಟ್ಟನು. ದೇಹದ ಪರೀಕ್ಷೆಯಲ್ಲಿ ಆಂಫೆಟಮೀನ್ ಎಂಬ ಉತ್ತೇಜಕ ಔಷಧವೂ ಮದ್ಯವೂ ಕಂಡುಬಂದವು. ದಣಿವೆಂಬುದು ದೇಹ ಕೊಡುವ ಎಚ್ಚರಿಕೆ. ಔಷಧದಿಂದ ಅದರ ಬಾಯಿ ಮುಚ್ಚಿಸಿದರೆ ಆಪತ್ತು ತಿಳಿಯುವುದೇ ಇಲ್ಲ.

ಅದೇ ೧೯೬೭ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಆಹಾರಸೂತ್ರಕ್ಕೆ ಭಾಷ್ಯ ಬರೆದಂಥ ಒಂದು ಪ್ರಯೋಗವನ್ನು ಪ್ರಕಟಿಸಿದರು. ನಿಂತಲ್ಲೇ ತುಳಿಯುವ ಸೈಕಲ್ಲಿನಲ್ಲಿ ಜನರನ್ನು ಕೂರಿಸಿ, ತೊಡೆಯ ಸ್ನಾಯುವಿನಿಂದ ಸೂಜಿಯ ಮೂಲಕ ಚೂರು ತೆಗೆದು ನೋಡಿದರು. ಅಲ್ಲಿ ಕೂಡಿಟ್ಟ ಗ್ಲೈಕೊಜೆನ್ ಎಂಬ ಪಿಷ್ಟ ತೀರಿದಾಗ ಮನುಷ್ಯ ಸೋಲುತ್ತಾನೆ. ಪಿಷ್ಟ ಕಡಿಮೆಯಿರುವ ಆಹಾರ ತಿಂದವರು ಸುಮಾರು ಒಂದು ಗಂಟೆ ತುಳಿದರೆ, ಪಿಷ್ಟ ಹೆಚ್ಚಾಗಿ ತಿಂದವರು ಎರಡೂವರೆ ಗಂಟೆಗೂ ಮಿಗಿಲಾಗಿ ತುಳಿದರು. ದೀರ್ಘ ಸವಾರಿಯಲ್ಲಿ ಗಂಟೆಗೆ ೩೦ರಿಂದ ೬೦ ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆಗೆ ಬೀಳಬೇಕೆಂಬುದು ಇಂದಿನ ಸಾಮಾನ್ಯ ಸಲಹೆ. ನಮ್ಮ ಬಾಳೆಹಣ್ಣು, ಅವಲಕ್ಕಿ, ಬೆಲ್ಲ ಈ ಕೆಲಸಕ್ಕೆ ಒದಗುತ್ತವೆ. ಹಾಗೆಂದು ಸೂತ್ರವೆಲ್ಲ ವೇದವಾಕ್ಯವಲ್ಲ. ಮಾಂಸದ ವಿಷಯದಲ್ಲಿ ಇಂದಿನವರು ಅಷ್ಟು ಕಟ್ಟುನಿಟ್ಟಲ್ಲ. ಅತಿಯಾಗಿ ನೀರು ಕುಡಿದು ರಕ್ತದ ಉಪ್ಪಿನಂಶ ತೆಳುವಾದರೂ ಅಪಾಯವೆಂದು ವೈದ್ಯರು ಎಚ್ಚರಿಸುತ್ತಾರೆ.

ಇಂದು ಬೆಂಗಳೂರಿನ ಹವ್ಯಾಸಿಗಳೂ ಫ್ರಾನ್ಸಿನಲ್ಲಿ ಹುಟ್ಟಿದ ಪದ್ಧತಿಯಂತೆ ೨೦೦, ೩೦೦, ೪೦೦, ೬೦೦ ಕಿಲೋಮೀಟರಿನ ಸವಾರಿಗಳನ್ನು ಮಾಡುತ್ತಾರೆ. ೨೦೦ ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕಾಲಾವಕಾಶ. ಮೊದಲು ಬಂದವನಿಗೆ ಬಹುಮಾನವಿಲ್ಲ, ಕೊನೆಗೆ ಬಂದವನಿಗೆ ಅವಮಾನವೂ ಇಲ್ಲ. ನಿಮ್ಮ ಮನೆಯ ಮಗನೋ ಮಗಳೋ ಸೈಕಲ್ ಹತ್ತಿ ದೂರ ಹೊರಟಾಗ ಬುತ್ತಿಯನ್ನೂ ನೀರನ್ನೂ ಮರೆಯದೆ ಕಟ್ಟಿಕೊಡಿ. ಏರಿನಲ್ಲಿ ಸಣ್ಣ ಗೇರು ಹಾಕಿಕೊಳ್ಳಲು ನಾಚಬಾರದೆಂದು ಹೇಳಿ ಕಳುಹಿಸಿ. ಐವತ್ತು ದಾಟಿದ ನನ್ನಂಥವರಿಗಂತೂ ದೆಗ್ರಾಂಜನೇ ಅಪ್ಪಣೆ ಕೊಟ್ಟಿದ್ದಾನೆ!